ಬಾದಾಮಿಯ ಅಕ್ಕ-ತಂಗಿ ಜಲಪಾತ: ಹೋಗುವುದು ಸುಲಭ, ಸಿಗುವುದು ಕಷ್ಟ

"ನೀರಾ? ಮಳಿ ಆದ್ರ ಬರ್ತಾವ್ರಿ. ನಿನ್ನಿ ಸಂಜಿಮುಂದ ಭಾರಿ ಇತ್ತು. ನೀವು ನಿನ್ನಿನ ಬರಬೇಕಿತ್ತು."

ಬಾದಾಮಿ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಈ ಮಾತನ್ನು ನಾನು ಎರಡು ಸಲ ಕೇಳಿದ್ದೇನೆ, ಎರಡು ಬೇರೆ ಬೇರೆ ವರ್ಷ. ಮೊದಲ ಸಲ ಮೇ ತಿಂಗಳಲ್ಲಿ, ಮಕ್ಕಳಿಗೆ ರಜೆ ಇದೆಯೆಂದು ಬುದ್ಧಿಯಿಲ್ಲದೆ ಹೋಗಿದ್ದೆ. ಅಲ್ಲಿ ಸಿಕ್ಕಿದ್ದು ಕಾದ ಹೆಂಚಿನಂಥ ಕೆಂಪು ಬಂಡೆ ಮತ್ತು ತಳ ಕಂಡ ಕೆರೆ. ಒಂದು ಅಡ್ಡಮಳೆ ಹಿಂದಿನ ದಿನವೇ ಬಂದು ಹೋಗಿತ್ತಂತೆ. ಎರಡನೇ ಸಲ ಆಗಸ್ಟಿನಲ್ಲಿ. ಆಗಸ್ಟೆಂದರೆ ಮಳೆಗಾಲವಲ್ಲವೇ ಎಂಬ ಮಲೆನಾಡಿನ ಲೆಕ್ಕ ಇಟ್ಟುಕೊಂಡು ಹೋದವನಿಗೆ ಮೋಡ ಸಿಕ್ಕಿತು, ನೀರು ಸಿಗಲಿಲ್ಲ. ಮೂರನೇ ಸಲ ಸಿಕ್ಕರು, ಅಕ್ಕ-ತಂಗಿ ಇಬ್ಬರೂ. ಆ ಮೂರು ಪ್ರಯಾಣಗಳಲ್ಲಿ ಕಲಿತದ್ದನ್ನು ಹೊಸದಾಗಿ ಹೋಗುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಈ ನೀರಿನ ಸ್ವಭಾವ ತಿಳಿಯಿರಿ

ಬಾದಾಮಿ ಊರು ಎರಡು ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಸಿಕ್ಕಿಕೊಂಡಿದೆ. ದಕ್ಷಿಣದ ಗುಡ್ಡದಲ್ಲಿ ಹೆಸರಾಂತ ಗುಹಾಲಯಗಳು, ಉತ್ತರದ ಗುಡ್ಡದಲ್ಲಿ ಕೋಟೆ ಮತ್ತು ಶಿವಾಲಯಗಳು, ನಡುವಿನ ಕೊಳ್ಳದಲ್ಲಿ ಅಗಸ್ತ್ಯ ತೀರ್ಥ ಎಂಬ ಕೆರೆ. ಕೆರೆಯ ಪಶ್ಚಿಮಕ್ಕೆ ಏರಿ, ಏರಿಗೆ ಅಂಟಿಕೊಂಡೇ ಹಳೇ ಊರು. ಪೂರ್ವದ ತುದಿಯಲ್ಲಿ ನೀರಿಗೆ ಕಾಲು ಚಾಚಿ ಕುಳಿತಂತಿರುವ ಭೂತನಾಥ ಗುಡಿಗಳು. ಅಕ್ಕ-ತಂಗಿ ಬೀಳುವುದು ಈ ಭೂತನಾಥನ ಸಮೀಪದ ಬಂಡೆಗೋಡೆಯಿಂದ, ಅಕ್ಕಪಕ್ಕದಲ್ಲಿ ಎರಡು ಧಾರೆಯಾಗಿ. ಹೆಸರು ಬಂದದ್ದೂ ಅದಕ್ಕೇ.

ಈ ಧಾರೆಗಳ ಹಿಂದೆ ಹೊಳೆಯಿಲ್ಲ. ಅದನ್ನು ಮರೆತೇ ಹೆಚ್ಚಿನವರು ಮೋಸಹೋಗುವುದು. ಜೋಗಕ್ಕೆ ಶರಾವತಿ ಇದೆ, ಗೋಕಾಕಕ್ಕೆ ಘಟಪ್ರಭೆ ಇದೆ. ಇಲ್ಲಿ ಇರುವುದು ಗುಡ್ಡದ ನೆತ್ತಿಯ ಬರೀ ಬಂಡೆ, ಅದರ ಮೇಲೆ ಬಿದ್ದ ಮಳೆ, ಅಷ್ಟೇ. ಮಣ್ಣಿನ ಪದರ ತೆಳು, ಅಲ್ಲಲ್ಲಿ ಕುರುಚಲು ಗಿಡ. ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವ ಕಾಡು ಅಲ್ಲಿಲ್ಲ. ಆದ್ದರಿಂದ ಜೋರು ಮಳೆ ಹಿಡಿದ ಸ್ವಲ್ಪ ಹೊತ್ತಿಗೇ ನೀರು ಅಂಚಿಗೆ ಬಂದು ಧುಮುಕುತ್ತದೆ, ಮಳೆ ನಿಂತ ಕೆಲವು ತಾಸಿಗೆ ಸೊರಗುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ, ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ಹಾಗಾಗಿ 'ಮಳೆಗಾಲದಲ್ಲಿ ಹೋಗಿ' ಎಂಬ ಸಲಹೆ ಸಾಲದು. ಮಳೆ ಬೀಳುವಾಗ, ಇಲ್ಲವೇ ಬಿದ್ದ ಮೂರು ನಾಲ್ಕು ತಾಸಿನೊಳಗೆ ನೀವು ಆ ಕೆರೆಯ ದಂಡೆಯಲ್ಲಿ ಇರಬೇಕು. ಮುಂದೆ ಹೇಳುವುದೆಲ್ಲ ಅದಕ್ಕೆ ಬೇಕಾದ ತಯಾರಿ.

ದಿನ ಆರಿಸುವುದು

ಬಾಗಲಕೋಟೆ ಜಿಲ್ಲೆ ಬಯಲುಸೀಮೆ. ವರ್ಷವಿಡೀ ಸೇರಿ 600 ಮಿಲಿಮೀಟರಿನ ಆಸುಪಾಸು ಮಳೆ. ಆಗುಂಬೆಯಲ್ಲಿ ಅಷ್ಟು ಮಳೆ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಜೂನ್-ಜುಲೈಯಲ್ಲಿ ಪಶ್ಚಿಮದಿಂದ ಬರುವ ಮೋಡಗಳು ಘಟ್ಟದಲ್ಲೇ ಹೊಟ್ಟೆ ಖಾಲಿ ಮಾಡಿಕೊಂಡು ಇತ್ತ ಬರೀ ಗಾಳಿ ಹೊತ್ತು ಬರುತ್ತವೆ. ಜಿಟಿಜಿಟಿ ಮಳೆ ಇರುತ್ತದೆ, ಬಂಡೆ ಒದ್ದೆಯಾಗುತ್ತದೆ, ಧಾರೆ ಕಟ್ಟುವುದಿಲ್ಲ. ಆಗಸ್ಟಿನಲ್ಲಿ ನಾನು ಕಂಡದ್ದು ಇದನ್ನೇ.

ಇಲ್ಲಿಗೆ ಗುಡುಗು ಸಿಡಿಲಿನ ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಅಕ್ಟೋಬರಿನ ಮೊದಲ ಅರ್ಧದಲ್ಲಿ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಹುಬ್ಬಿ, ಉತ್ತರಿ, ಹಸ್ತಿ ಮಳೆಗಳ ಕಾಲ. ಹಿಂಗಾರಿ ಜೋಳ ಬಿತ್ತುವವರು ಮುಗಿಲು ನೋಡಿಕೊಂಡು ಕೂತಿರುವ ದಿನಗಳು ಅವು. ಮಧ್ಯಾಹ್ನದವರೆಗೆ ಬಿಸಿಲು ಚುರುಗುಟ್ಟುತ್ತದೆ, ನಾಲ್ಕರ ಹೊತ್ತಿಗೆ ಮೋಡ ಗುಡ್ಡದಂತೆ ಮೇಲೇಳುತ್ತದೆ, ಸಂಜೆಗೋ ರಾತ್ರಿಗೋ ಸುರಿಯುತ್ತದೆ.

ಆದ್ದರಿಂದ ಒಂದು ದಿನದ ಪ್ರವಾಸ ಬೇಡ. ಕನಿಷ್ಠ ಎರಡು ರಾತ್ರಿ ಉಳಿಯುವಂತೆ ಹೋಗಿ, ಮೂರಾದರೆ ಇನ್ನೂ ಒಳ್ಳೆಯದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿದೆ, ಉತ್ತರ ಒಳನಾಡಿನಲ್ಲಿ ಎರಡು ಮೂರು ದಿನ ಮಳೆ ಎಂದು ಹವಾಮಾನ ಇಲಾಖೆ ಹೇಳಿದ ವಾರ ಸಿಕ್ಕರೆ ರಜೆ ಹಾಕಿ ಹೊರಟುಬಿಡಿ. ನನ್ನ ಮೂರನೇ ಪ್ರಯಾಣ ಹಾಗೆ ಕೂಡಿಬಂದದ್ದು. ಜೊತೆಗೆ ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ' ಆ್ಯಪನ್ನು ಫೋನಿಗೆ ಹಾಕಿಕೊಳ್ಳಿ. ಅದರ ಕೆಲಸ ಯಾವಾಗ ಬೀಳುತ್ತದೆಂದು ಮುಂದೆ ಹೇಳುತ್ತೇನೆ.

ತಲುಪುವುದು, ಉಳಿಯುವುದು

ಇದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿನ ಮೇಲೆ ಸ್ವಲ್ಪ. ನವಲಗುಂದ, ನರಗುಂದ ದಾಟಿ, ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿ, ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಬೇಕು. ನೇರ ಬಸ್ ಇಲ್ಲದ ಹೊತ್ತಿನಲ್ಲಿ ಕುಳಗೇರಿ ಕ್ರಾಸಿಗೆ ಬಂದು ಅಲ್ಲಿಂದ ಬೇರೆ ಬಸ್ ಹಿಡಿಯುವುದು ರೂಢಿ. ಬೆಂಗಳೂರಿನಿಂದ ಸುಮಾರು 450 ಕಿಲೋಮೀಟರ್. ಅಷ್ಟು ದೂರ ಕಾರು ಓಡಿಸುವುದಕ್ಕಿಂತ ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಗದಗ ಹಾದು ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಇಳಿಯುವುದು ಮೇಲು. ಸ್ಟೇಷನ್ ಊರಿಂದ ಐದು ಕಿಲೋಮೀಟರ್ ಆಚೆ ಇದೆ. ಹೊರಗೆ ಟಂಟಂ ನಿಂತಿರುತ್ತವೆ. ಸೀಟು ತುಂಬುವತನಕ ಹೊರಡುವುದಿಲ್ಲ, ಅವಸರ ಬೇಡ.

ಕೋಣೆ ಹಿಡಿಯುವಾಗ ಮಾತ್ರ ಒಂದು ಲೆಕ್ಕ ಇರಲಿ. ಸೌಕರ್ಯ ನೋಡಿ ಊರ ಹೊರಗಿನ ಹೋಟೆಲ್ ಹಿಡಿದರೆ ಮಳೆ ಬಂದ ಹೊತ್ತಿನಲ್ಲಿ ಕೆರೆಗೆ ಬರಲು ಗಾಡಿ ಬೇಕಾಗುತ್ತದೆ, ಆ ಮಳೆಯಲ್ಲಿ ಗಾಡಿ ಸಿಗುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಸಾದಾ ಲಾಡ್ಜ್ ಆದರೆ ಕೆರೆಗೆ ಹದಿನೈದು ನಿಮಿಷದ ನಡಿಗೆ. ನಾನು ಹಾಗೊಂದು ಲಾಡ್ಜಿನ ಮೂರನೇ ಮಹಡಿಯಲ್ಲಿ, ಕಿಟಕಿಯಿಂದ ಗುಡ್ಡದ ತುದಿ ಕಾಣುವ ಕೋಣೆ ಕೇಳಿ ಪಡೆದೆ. ಬಾತ್‌ರೂಮಿನ ನಲ್ಲಿ ರಾತ್ರಿಯಿಡೀ ಸೋರುತ್ತಿತ್ತು. ಆ ಟಪಟಪ ಶಬ್ದಕ್ಕೆ ಮಳೆ ಬಂತೆಂದು ಎರಡು ಸಲ ಎದ್ದು ಕಿಟಕಿಗೆ ಓಡಿದ್ದೇನೆ.

ಲಾಡ್ಜಿನವರಿಗೆ ಮೊದಲೇ ಹೇಳಿಟ್ಟಿರಿ, ನಸುಕಿನಲ್ಲಿ ಹೊರಗೆ ಹೋಗಬೇಕಾಗಬಹುದು, ಗೇಟು ತೆರೆಯಬೇಕು ಎಂದು. ಇಲ್ಲದಿದ್ದರೆ ಐದೂವರೆಗೆ ಕೌಂಟರಿನ ಹಿಂದೆ ಮಲಗಿದ ಹುಡುಗನನ್ನು ಎಬ್ಬಿಸುವ ಕೆಲಸ ನಿಮ್ಮದು.

ಚೀಲದಲ್ಲಿ ಏನಿರಲಿ, ಏನಿರಬಾರದು

ಹಿಡಿತವಿರುವ ಅಡಿಯ ಚಪ್ಪಲಿ ಅಥವಾ ಬೂಟು ಬೇಕು. ಮರಳುಗಲ್ಲು ಒಣಗಿದ್ದಾಗ ಉಪ್ಪುಕಾಗದದ ಹಾಗೆ ಕಾಲು ಹಿಡಿಯುತ್ತದೆ, ಒದ್ದೆಯಾಗಿ ಪಾಚಿ ಕಟ್ಟಿದರೆ ಎಣ್ಣೆ ಸವರಿದಂತಿರುತ್ತದೆ. ಕೆರೆಯ ಪಾವಟಿಗೆಗಳಲ್ಲಿ ಜಾರಿ ಬೀಳುವವರು ಹೆಚ್ಚಾಗಿ ಹೊಸ ಸ್ಯಾಂಡಲ್ ಹಾಕಿಕೊಂಡ ಬೆಂಗಳೂರಿನವರೇ, ನನ್ನನ್ನೂ ಸೇರಿಸಿ. ಛತ್ರಿಗಿಂತ ರೇನ್‌ಕೋಟ್ ಲೇಸು, ಏಕೆಂದರೆ ಎರಡು ಗುಡ್ಡದ ನಡುವೆ ಗಾಳಿ ಕೊಳವೆಯಲ್ಲಿ ನುಗ್ಗಿದಂತೆ ನುಗ್ಗಿ ಛತ್ರಿಯನ್ನು ತಿರುವಿಬಿಡುತ್ತದೆ. ಫೋನಿಗೊಂದು ಜಿಪ್ ಕವರ್, ಒಂದು ಒಣ ಟವೆಲ್, ಒಂದು ಸಣ್ಣ ಟಾರ್ಚ್.

ತಿಂಡಿ ಇರಬಾರದು. ಇದ್ದರೂ ಕಾಣಬಾರದು. ಬಾದಾಮಿಯ ಮಂಗಗಳ ಬಗ್ಗೆ ಕೇಳಿರಬಹುದು, ಕೇಳಿದ್ದಕ್ಕಿಂತ ಅವು ಒಂದು ಕೈ ಮೇಲೆ. ಪ್ಲಾಸ್ಟಿಕ್ ಚೀಲದ ಸರಸರ ಸದ್ದು ಅವಕ್ಕೆ ಊಟದ ಗಂಟೆ. ಕೈಯಲ್ಲಿ ಚೀಲ ತೂಗಾಡಿಸಿಕೊಂಡು ಹೋದರೆ ಅದರಲ್ಲಿ ಬರೀ ಒದ್ದೆ ಸಾಕ್ಸ್ ಇದ್ದರೂ ಕಿತ್ತುಕೊಳ್ಳುತ್ತವೆ. ಎಲ್ಲವನ್ನೂ ಬೆನ್ನಿಗೆ ಹಾಕುವ ಚೀಲದಲ್ಲಿಟ್ಟು ಜಿಪ್ ಎಳೆದು ಬಿಗಿದುಕೊಳ್ಳಿ. ಕಿತ್ತುಕೊಂಡರೆ ಜಗ್ಗಾಡಬೇಡಿ, ಬಿಟ್ಟುಬಿಡಿ. ಕಚ್ಚಿಸಿಕೊಂಡರೆ ಪ್ರವಾಸ ಅಲ್ಲಿಗೆ ಮುಗಿದು ಸರಕಾರಿ ದವಾಖಾನೆಯ ಇಂಜೆಕ್ಷನ್ನಿನ ಲೆಕ್ಕ ಶುರುವಾಗುತ್ತದೆ.

ಒಣ ಹೊತ್ತಿನಲ್ಲಿ ಒಮ್ಮೆ ದಾರಿ ನಡೆದು ನೋಡಿ

ಇಳಿದ ದಿನವೇ, ಬಿಸಿಲಿದ್ದಾಗಲೇ ಮಾಡಬೇಕಾದ ಕೆಲಸ ಇದು. ಮಳೆ ಸುರಿಯುವಾಗ ದಾರಿ ಹುಡುಕುತ್ತ ನಿಂತರೆ ಅರ್ಧ ನೀರು ಹೋಗಿರುತ್ತದೆ.

ಮುಖ್ಯರಸ್ತೆಯಿಂದ ಮ್ಯೂಸಿಯಮ್ಮಿನ ದಾರಿ ಕೇಳಿ ಹಳೇ ಊರೊಳಗೆ ಹೊಕ್ಕರೆ ಓಣಿಗಳು ಕಿರಿದಾಗುತ್ತ ಹೋಗುತ್ತವೆ. ಮಣ್ಣಿನ ಮಾಳಿಗೆ ಮನೆಗಳು, ಸುಣ್ಣ-ನೀಲಿ ಬಳಿದ ಗೋಡೆಗಳು, ಕಟ್ಟೆಯ ಮೇಲೆ ಕೂತ ಅಜ್ಜಂದಿರು. ಕೆಲವು ಮನೆಯ ತಳಪಾಯದಲ್ಲಿ ಗುಡಿಯ ಕಲ್ಲುಗಳು ಕಾಣುತ್ತವೆ, ಒಂದು ಕಡೆ ದನ ಕಟ್ಟಿದ ಗೂಟದ ಪಕ್ಕ ಕೆತ್ತಿದ ಕಂಬದ ತುಂಡೊಂದು ಅಡ್ಡ ಬಿದ್ದಿತ್ತು. ಚಾಲುಕ್ಯರ ದೊರೆ ಒಂದನೇ ಪುಲಿಕೇಶಿ ಇಲ್ಲಿ ಕೋಟೆ ಕಟ್ಟಿದೆನೆಂದು ಉತ್ತರದ ಬಂಡೆಯ ಮೇಲೆ ಬರೆಸಿದ್ದು ಶಕ 465ರಲ್ಲಿ, ಅಂದರೆ ಕ್ರಿ.ಶ. 543. ಅಂದಿನಿಂದ ಈ ಕೊಳ್ಳದ ಬಾಯಲ್ಲಿ ಜನ ವಾಸವಾಗಿದ್ದಾರೆ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಬಂದು ಊರು ಗೆದ್ದು 'ವಾತಾಪಿಕೊಂಡ' (ವಾತಾಪಿ, ಅಂದರೆ ಬಾದಾಮಿ ಗೆದ್ದವ) ಎಂದು ಬಿರುದು ಹಚ್ಚಿಕೊಂಡ. ಆಮೇಲೆ ರಾಷ್ಟ್ರಕೂಟರು, ವಿಜಯನಗರದವರು, ಆದಿಲ್‌ಶಾಹಿಗಳು, ಮರಾಠರು, ಟಿಪ್ಪು, 1818ರಲ್ಲಿ ಇಂಗ್ಲಿಷರು. ಆಳುವವರು ಬದಲಾದರೂ ಎಲ್ಲರಿಗೂ ಬೇಕಾದದ್ದು ಈ ಬಂಡೆಗಳ ನಡುವಿನ ನೀರೇ. ಬಂಡೆಯಿಂದ ಜಾರಿದ ಮಳೆಯನ್ನು ಏರಿ ಕಟ್ಟಿ ಹಿಡಿದಿಟ್ಟದ್ದರಿಂದಲೇ ಇಲ್ಲಿ ರಾಜಧಾನಿ ನಿಂತಿತು. ಅಕ್ಕ-ತಂಗಿಯೂ ಆ ಕೆರೆಗೆ ನೀರು ತುಂಬುವವರೇ.

ಓಣಿ ಮುಗಿಯುತ್ತಿದ್ದಂತೆ ಒಮ್ಮೆಲೇ ಕೆರೆ ತೆರೆದುಕೊಳ್ಳುತ್ತದೆ. ಉದ್ದಕ್ಕೂ ಕಲ್ಲಿನ ಪಾವಟಿಗೆ, ಅದರ ಮೇಲೆ ಬಟ್ಟೆ ಒಗೆಯುವ ಹೆಂಗಸರು. ಒಂದು ಒಗೆತಕ್ಕೆ ಎರಡು ಸದ್ದು ಕೇಳುತ್ತದೆ, ಮೊದಲನೆಯದು ಕಲ್ಲಿನದು, ಅರೆಗಳಿಗೆ ತಡೆದು ಎರಡನೆಯದು ಎದುರಿನ ಗುಡ್ಡದ್ದು. ಅವರ ಫೋಟೋ ತೆಗೆಯುವ ಮುನ್ನ ಕೇಳಿ. ಒಬ್ಬಾಕೆ ನನಗೆ ಹೇಳಿದ್ದು, "ಅರಿವಿ ಒಗಿಯೂದೇನ್ ನೋಡ್ತಿಯಪಾ, ನಿಮ್ಮನಿಯಾಗ ಒಗಿಯೂದಿಲ್ಲೇನು?"

ಕೆರೆಯ ಉತ್ತರ ದಂಡೆ ಹಿಡಿದು, ಮ್ಯೂಸಿಯಂ ದಾಟಿ ಪೂರ್ವಕ್ಕೆ ನಡೆದರೆ ಭೂತನಾಥ ಗುಡಿಗಳು. ಇಲ್ಲಿ ನಿಂತು ಬಂಡೆಗೋಡೆಯನ್ನು ಓದುವುದನ್ನು ಕಲಿಯಿರಿ. ಕೆಂಪು ಗೋಡೆಯ ಮೇಲೆ ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳಿವೆ, ಯಾರೋ ಶಾಯಿಕುಡಿಕೆ ಉರುಳಿಸಿದ ಹಾಗೆ. ಪ್ರತಿ ಮಳೆಗೂ ನೀರು ಇಳಿಯುವ ಜಾಡು ಅವು. ಎಲ್ಲಿ ಪಟ್ಟೆ ಅಗಲವಾಗಿದೆಯೋ, ಅದರ ಬುಡದಲ್ಲಿ ಹಸಿರು ದಟ್ಟವಾಗಿದೆಯೋ ಅಲ್ಲಿ ದೊಡ್ಡ ಧಾರೆ ಬೀಳುತ್ತದೆ. ಎಲ್ಲಿ ನಿಂತರೆ ಎರಡೂ ಧಾರೆ ಒಟ್ಟಿಗೆ ಕಾಣುತ್ತವೆ, ಮಳೆ ಬಂದರೆ ಯಾವ ಮಂಟಪದೊಳಗೆ ಓಡಬೇಕು, ಯಾವ ಕಲ್ಲು ಅಲುಗಾಡುತ್ತದೆ ಎಂಬುದನ್ನೆಲ್ಲ ಈಗಲೇ ನೋಡಿಟ್ಟುಕೊಳ್ಳಿ. ಇಷ್ಟಾದರೆ ಅರ್ಧ ಕೆಲಸ ಮುಗಿಯಿತು.

ಮಳೆ ಬಂದಾಗ

ನಾವು ಹೋದ ಎರಡನೇ ದಿನ ಸಂಜೆ ನಾಲ್ಕೂಕಾಲಕ್ಕೆ ಭೂತನಾಥನ ಮಂಟಪದಲ್ಲಿ ಕೂತಿದ್ದೆವು. ಮೊದಲು ಗಾಳಿ ನಿಂತಿತು. ಬಟ್ಟೆ ಒಗೆಯುತ್ತಿದ್ದವರು ಮುಗಿಲು ನೋಡಿ, ಒಬ್ಬರಿಗೊಬ್ಬರು ಕೂಗಿಕೊಂಡು, ಒಣಹಾಕಿದ್ದ ಸೀರೆಗಳನ್ನು ಸುರುಳಿ ಸುತ್ತತೊಡಗಿದರು. ಯಾವ ಆ್ಯಪಿಗಿಂತಲೂ ನಂಬಬಹುದಾದ ಸೂಚನೆ ಅದು. ಆಮೇಲೆ ಮಂಗಗಳು ಒಂದೊಂದಾಗಿ ಗುಡಿಯ ಮಾಡಿನಡಿಗೆ ಬಂದು ಬೆನ್ನು ತಿರುಗಿಸಿ ಕೂತವು. ಮರಿಗಳನ್ನು ಹೊಟ್ಟೆಗೆ ಅವಚಿಕೊಂಡಿದ್ದವು, ನಮ್ಮ ಚೀಲದ ಕಡೆ ತಿರುಗಿಯೂ ನೋಡಲಿಲ್ಲ.

ದಪ್ಪ ಹನಿ ಬಿದ್ದ ಕಡೆಯೆಲ್ಲ ಬಂಡೆಯ ಮೇಲೆ ರೂಪಾಯಿಯಗಲದ ಕಲೆ. ಐದು ನಿಮಿಷಕ್ಕೆ ಕೆಂಪು ಗೋಡೆಯೆಲ್ಲ ಕಂದಾಯಿತು. ಮತ್ತೂ ಹತ್ತು ನಿಮಿಷ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಇನ್ನೇನು ಇದೂ ಹೋಯಿತು ಎನ್ನುವಷ್ಟರಲ್ಲಿ ಗೋಡೆಯ ಅಂಚಿನಲ್ಲೊಂದು ದಾರದಂಥ ನೀರು ಇಣುಕಿತು. ಮೊದಲು ಇಳಿದದ್ದು ನೀರಲ್ಲ, ಕಸ: ಒಣ ಎಲೆ, ಕಡ್ಡಿ, ಆಡಿನ ಹಿಕ್ಕೆ. ಅದರ ಹಿಂದೆ ಚಹಾ ಬಣ್ಣದ ನೀರು. ನೋಡನೋಡುತ್ತ ದಾರ ಹಗ್ಗವಾಯಿತು, ಹಗ್ಗ ಜಡೆಯಾಯಿತು. ಸ್ವಲ್ಪ ಆಚೆ ಇನ್ನೊಂದು. ಯಾರು ಅಕ್ಕ, ಯಾರು ತಂಗಿ ಎಂದು ನನ್ನ ಮಗಳು ಕೇಳಿದಳು. ನಮ್ಮ ಜೊತೆ ಮಂಟಪದಲ್ಲಿ ನಿಂತಿದ್ದ ಆಡು ಕಾಯುವ ಹುಡುಗ, "ಮೊದಲ ಬಂದಾಕಿ ಅಕ್ಕ" ಎಂದ. ಅಕ್ಕ-ತಂಗಿ ಇಬ್ಬರೇ ಎಂದುಕೊಂಡವರಿಗೆ ಅವರ ಇಡೀ ಬಳಗವೇ ಬಂದಿತ್ತು. ಕೆರೆಯ ಸುತ್ತ ಎಲ್ಲೆಲ್ಲಿ ಕಪ್ಪು ಪಟ್ಟೆ ಇತ್ತೋ ಅಲ್ಲೆಲ್ಲ ಒಂದೊಂದು ಸಣ್ಣ ಧಾರೆ.

ಆ ಹೊತ್ತಿಗೆ ಮನಸ್ಸು ಹಿಡಿತದಲ್ಲಿರುವುದಿಲ್ಲ, ಆದ್ದರಿಂದ ಮಾಡಬಾರದ್ದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಧಾರೆಯ ಬುಡಕ್ಕೆ ಹೋಗಬೇಡಿ. ತಲೆಯೊಡ್ಡಿ ನಿಂತು ವಿಡಿಯೋ ಮಾಡುವ ಆಸೆ ಯಾರಿಗೂ ಬರುತ್ತದೆ. ಆದರೆ ಆ ನೀರಿನ ಜೊತೆ ಗುಡ್ಡದ ನೆತ್ತಿಯ ಸಡಿಲ ಕಲ್ಲುಗಳೂ ಬರುತ್ತವೆ. ಮರಳುಗಲ್ಲು ಪದರಪದರವಾಗಿ ಬಿಡಿಸಿಕೊಳ್ಳುವ ಕಲ್ಲು, ನೀರು ಹೊಕ್ಕ ಮೇಲೆ ಯಾವ ಚಕ್ಕೆ ಯಾವಾಗ ಕಳಚುತ್ತದೆಂದು ಹೇಳಲಾಗದು. ನಾವು ನಿಂತಿದ್ದಾಗಲೇ ತೆಂಗಿನಕಾಯಿ ಗಾತ್ರದ್ದೊಂದು ಧಾರೆಯೊಳಗಿಂದ ಬಂದು ಕೆಳಗಿನ ಬಂಡೆಗೆ ಬಡಿದು ಎರಡಾಯಿತು.

ಗುಡ್ಡದ ಮೇಲೆ, ನೀರು ಹೊರಡುವ ಜಾಗಕ್ಕೆ ಹತ್ತಬೇಡಿ. ಅಂಚು ಇಳಿಜಾರು, ಪಾಚಿ, ಹಿಡಿಯಲು ಏನೂ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಸಿಡಿಲು. ಬೋಳು ಬಂಡೆಯ ನೆತ್ತಿಯಲ್ಲಿ ನಿಂತವನೇ ಸುತ್ತಲಿನಲ್ಲಿ ಎತ್ತರದ ವಸ್ತು. ದಾಮಿನಿ ಆ್ಯಪ್ ಹತ್ತಿರದಲ್ಲಿ ಸಿಡಿಲು ಎಂದರೆ ಗುಡ್ಡದಿಂದಲೂ ಕೆರೆಯ ದಂಡೆಯಿಂದಲೂ ಸರಿದುಬಿಡಿ. ನಿಜ ಹೇಳಬೇಕೆಂದರೆ ಗೋಡೆಯಿಲ್ಲದ ಕಲ್ಲಿನ ಮಂಟಪವೂ ಸಿಡಿಲಿಗೆ ಪೂರ್ತಿ ಆಸರೆಯಲ್ಲ. ಗುಡುಗು ತಲೆಯ ಮೇಲೇ ಬಂದಿದ್ದರೆ ಊರೊಳಗಿನ ಮನೆ, ಅಂಗಡಿಯೇ ಲೇಸು, ಗುಡುಗು ದೂರ ಸರಿದ ಮೇಲೆ ವಾಪಸು ಬಂದರೂ ನೀರು ಇನ್ನೂ ಇರುತ್ತದೆ. ಸಿಡಿಲಿನ ನಡುವೆ ಸಿಕ್ಕ ನೋಟಕ್ಕಿಂತ ಅರ್ಧ ತಾಸು ತಡವಾಗಿ ಸಿಕ್ಕ ನೋಟವೇನೂ ಕಡಿಮೆಯಲ್ಲ, ಮಳೆಯ ಪರದೆ ಸರಿದಿರುವುದರಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಕೆರೆಗೆ ಇಳಿಯಬೇಡಿ. ಮೇಲಿನ ಪಾವಟಿಗೆ ಕಂಡಿತೆಂದು ಮುಂದಿನದೂ ಹಾಗೇ ಇದೆ ಎಂದುಕೊಳ್ಳಲಾಗದು, ನೀರಂತೂ ಕದಡಿ ಕೆಂಪಾಗಿರುತ್ತದೆ.

ಫೋಟೋದ ವಿಷಯ. ಹತ್ತಿರ ಹೋದರೆ ಗೋಡೆ ಮತ್ತು ನೀರು ಮಾತ್ರ ಸಿಗುತ್ತದೆ, ಅಂಥ ಚಿತ್ರ ಎಲ್ಲ ಜಲಪಾತಗಳದ್ದೂ ಇದೆ. ಕೆರೆಯ ದಂಡೆಯಲ್ಲಿ ಹಿಂದೆ ಸರಿದು ಗುಡಿಯ ಶಿಖರ, ಅದರ ಹಿಂದೆ ಬಂಡೆ, ಬಂಡೆಯ ಮೇಲೆ ಬಿಳಿ ಗೆರೆಯಂತೆ ನೀರು ಬರುವ ಹಾಗೆ ತೆಗೆಯಿರಿ. ಸಂಜೆಯ ಮಳೆಯಾದರೆ ಬೆಳಕು ಬೇಗ ಹೋಗುತ್ತದೆ. ರಾತ್ರಿ ಮಳೆಯಾದರೆ ನಿಮ್ಮ ಅದೃಷ್ಟ: ಬೆಳಕು ಹರಿಯುವ ಹೊತ್ತಿಗೆ ಕೆರೆಗೆ ಬನ್ನಿ. ಧಾರೆ ಸಣ್ಣಗಾಗಿರುತ್ತದೆ, ಆದರೆ ನೀರು ತಿಳಿಯಾಗಿರುತ್ತದೆ, ಗಾಳಿಯಿರುವುದಿಲ್ಲ, ಗುಡಿಯೂ ಗುಡ್ಡವೂ ಕೆರೆಯಲ್ಲಿ ತಲೆಕೆಳಗಾಗಿ ಕಾಣುತ್ತವೆ. ನಮಗೆ ಸಂಜೆಯೂ ಸಿಕ್ಕಿತು, ರಾತ್ರಿ ಇನ್ನೊಂದು ಮಳೆಯಾಗಿ ಮರುದಿನ ಬೆಳಗೂ ಸಿಕ್ಕಿತು. ಒಂದನ್ನೇ ಆರಿಸಿ ಎಂದರೆ ನಾನು ಬೆಳಗನ್ನು ಆರಿಸುತ್ತೇನೆ. ಒಂಬತ್ತರ ಹೊತ್ತಿಗೆ ಧಾರೆ ಹನಿಯಾಗಿತ್ತು, ಪಾವಟಿಗೆಯ ಮೇಲೆ ಒಗೆತ ಮತ್ತೆ ಶುರುವಾಗಿತ್ತು.

ಮಳೆ ಬಾರದಿದ್ದರೆ

ಬಾದಾಮಿಗೆ ಬಂದು ಬರಿಗೈಯಲ್ಲಿ ಹೋದವರಿಲ್ಲ. ಕಾಯುವ ಹೊತ್ತನ್ನು ಹೀಗೆ ಹಂಚಿಕೊಳ್ಳಬಹುದು.

ಬೆಳಿಗ್ಗೆ ಗುಹೆಗಳು. ನಾಲ್ಕು ಗುಹೆಗಳಲ್ಲಿ ಮೊದಲನೆಯದರ ಬಲಗಡೆ ಹದಿನೆಂಟು ಕೈಯ ನಟರಾಜ, ಎರಡನೆಯದರಲ್ಲಿ ತ್ರಿವಿಕ್ರಮ, ನಾಲ್ಕನೆಯದು ಜೈನರದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಮಾಡಿಸಿದ್ದೆಂದು ಶಾಸನವೇ ಹೇಳುತ್ತದೆ. ಅಲ್ಲೇ ಅವನ ಒಂದು ಸಣ್ಣ ಕನ್ನಡ ಶಾಸನವೂ ಇದೆ, ಲಂಜಿಗೇಸರ ಎಂಬ ಊರನ್ನು ದೇವರಿಗೆ ಹೂಮಾಲೆ ಕಟ್ಟುವವರ ಸಲುವಾಗಿ ಬಿಟ್ಟದ್ದು. ರಾಜ ಹೂ ಕಟ್ಟುವವರನ್ನು ನೆನೆದು ಕಲ್ಲಿನಲ್ಲಿ ಬರೆಸಿದನಲ್ಲ ಎಂದು ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ. ಗುಹೆಗಳ ಮುಂದಿನ ಅಂಗಳದಿಂದ ಕೆರೆ, ಭೂತನಾಥ, ಎದುರಿನ ಗುಡ್ಡ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ನೀವು ಇಲ್ಲಿರುವಾಗಲೇ ಮಳೆ ಬಂದರೆ ಇಳಿದು ಓಡಬೇಡಿ, ಗುಹೆಯ ಪಡಸಾಲೆಯಲ್ಲೇ ನಿಂತು ನೋಡಿ. ಇಲ್ಲಿಂದ ದಕ್ಷಿಣದ ಕೋಟೆಗೆ ಹತ್ತುವ ಮೆಟ್ಟಿಲಿಗೆ ಬಹಳ ವರ್ಷಗಳಿಂದ ಬೀಗ ಹಾಕಿದ್ದಾರೆ, ಕಾವಲುಗಾರರನ್ನು ಗೋಗರೆದು ಪ್ರಯೋಜನವಿಲ್ಲ.

ಮಧ್ಯಾಹ್ನ ಪುರಾತತ್ವ ಇಲಾಖೆಯ ಮ್ಯೂಸಿಯಂ. ನಾಗನಾಥ ಕೊಳ್ಳದಲ್ಲಿ ಸಿಕ್ಕ ಲಜ್ಜಾಗೌರಿಯ ಶಿಲ್ಪ ಇರುವುದು ಇಲ್ಲೇ. ಶುಕ್ರವಾರ ರಜೆ, ನೆನಪಿರಲಿ. ಅದರ ಪಕ್ಕದಿಂದಲೇ ಉತ್ತರದ ಕೋಟೆಗೆ ದಾರಿ, ಎರಡು ಬಂಡೆಗಳ ನಡುವೆ ಸಂದಿಯಲ್ಲಿ ನುಸುಳಿ ಹತ್ತುವಂಥದ್ದು. ಮೇಲೆ ಮೇಲಣ ಶಿವಾಲಯ. ಮೋಡ ಕಪ್ಪಗಾಗಿದ್ದರೆ ಹತ್ತಬೇಡಿ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಊರ ಆಚೆಯ ಮಾಲೆಗಿತ್ತಿ ಶಿವಾಲಯಕ್ಕೆ ಜನ ಕಡಿಮೆ ಹೋಗುತ್ತಾರೆ, ಒಂದೇ ಗುಂಡಿನ ಮೇಲೆ ಕೂರಿಸಿಟ್ಟಂತಿರುವ ಆ ಗುಡಿ ನನ್ನ ಮಟ್ಟಿಗೆ ಊರಿನ ಎಲ್ಲಕ್ಕಿಂತ ಚೆಂದದ ಕಟ್ಟಡ.

ಕೆರೆಯ ಈಶಾನ್ಯದ ಕಡೆ, ತಟ್ಟುಕೋಟೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಸುಮಾರು ಕ್ರಿ.ಶ. 700ರದ್ದು, ನಮಗೆ ಸಿಕ್ಕಿರುವ ಮೊದಲ ತ್ರಿಪದಿಗಳು ಇದರಲ್ಲಿವೆ. ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಬೇಗ ಸಿಗುತ್ತದೆ.

ಊಟ, ಆಮೇಲಿನ ದಾರಿ

ಊರಲ್ಲಿ ಖಾನಾವಳಿಗಳಿವೆ, ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಲೆ ಸಿಗುತ್ತವೆ. ಆದರೆ ಒಂದು ಮಧ್ಯಾಹ್ನವನ್ನು ಐದು ಕಿಲೋಮೀಟರ್ ದೂರದ ಬನಶಂಕರಿಗೆ ಮೀಸಲಿಡಿ. ಗುಡಿಯ ಹೊಂಡದ ಹತ್ತಿರ ಬುಟ್ಟಿ ಹೊತ್ತ ಹೆಂಗಸರು ಸುತ್ತುವರಿಯುತ್ತಾರೆ: "ಬರ್ರಿ ಅಣ್ಣಾರ, ಊಟ ಮಾಡ್ರಿ, ಬಿಸಿ ರೊಟ್ಟಿ ಅದಾವ." ಬಿಸಿಯೇನೂ ಇರುವುದಿಲ್ಲ, ಕಟಕ್ ರೊಟ್ಟಿ. ಜೊತೆಗೆ ಕೆಂಪು ಚಟ್ನಿ, ಕಾಳುಪಲ್ಲೆ, ಗಡಿಗೆಯ ಮೊಸರು. ರೇಟು ಮೊದಲೇ ಕೇಳಿಕೊಳ್ಳಿ, ಒಬ್ಬರ ಹತ್ತಿರ ಕೂತರೆ ಮತ್ತೊಬ್ಬರು ಮುನಿಸಿಕೊಳ್ಳುವುದಕ್ಕೂ ಸಿದ್ಧರಾಗಿರಿ. ಕೆಂಪು ಚಟ್ನಿಯನ್ನು ಬೆರಳ ತುದಿಯಲ್ಲಿ ರುಚಿ ನೋಡಿ ಆಮೇಲೆ ಹಚ್ಚಿಕೊಳ್ಳಿ.

ಅಕ್ಕ-ತಂಗಿ ಕೈಕೊಟ್ಟರೂ ಬೀಳುವ ನೀರು ನೋಡಲೇಬೇಕೆಂದರೆ ಪಟ್ಟದಕಲ್ಲಿನ ಕಡೆಗೆ ಹುಲಿಗೆಮ್ಮನ ಕೊಳ್ಳವಿದೆ, ಭದ್ರನಾಯಕನ ಜಾಲಿಹಾಳದ ಹತ್ತಿರ. ಬಂಡೆ ಒಳಗೆ ಬಾಗಿದ ಕೊಳ್ಳ, ಅದರ ಮಡಿಲಲ್ಲಿ ಚಾಲುಕ್ಯರ ಕಾಲದ ಪುಟ್ಟ ಪುಟ್ಟ ಗುಡಿಗಳು, ಮಳೆಯಾದಾಗ ಅವುಗಳ ಪಕ್ಕಕ್ಕೆ ಮೇಲಿನಿಂದ ನೀರು. ಇಲ್ಲಿಯೂ ಹಿಂದೆ ಹೊಳೆಯಿಲ್ಲ, ಮಳೆ ಆಗಿರಲೇಬೇಕು. ಇನ್ನೊಂದು ಜಾಗ ಮಹಾಕೂಟ, ಬಾದಾಮಿಯಿಂದ ರಸ್ತೆಯಲ್ಲಿ 14 ಕಿಲೋಮೀಟರ್. ಅಲ್ಲಿನ ಪುಷ್ಕರಣಿಗೆ ಊಟೆಯ ನೀರು, ಮಳೆಯ ಹಂಗು ಕಡಿಮೆ, ಈಜು ಬಲ್ಲವರು ಇಳಿಯಬಹುದು. ಖಾತ್ರಿ ಜಲಪಾತವೇ ಬೇಕೆನ್ನುವವರು ಜುಲೈ-ಆಗಸ್ಟಿನಲ್ಲಿ ಗೋಕಾಕಕ್ಕೆ ಹೋಗಲಿ. ಘಟ್ಟದಲ್ಲಿ ಮಳೆಯಾದರೆ ಸಾಕು, ಗೋಕಾಕದಲ್ಲಿ ಹನಿ ಬೀಳದಿದ್ದರೂ ಘಟಪ್ರಭೆ 52 ಮೀಟರ್ ಎತ್ತರದಿಂದ ಭೋರ್ಗರೆಯುತ್ತಾಳೆ.

ಮರಳುವಾಗ ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಮುಂದೆ ಐಹೊಳೆ, ಅದರಾಚೆ ಅಮೀನಗಡ. ಅಮೀನಗಡದಲ್ಲಿ ಬಸ್ ಬದಲಿಸುವ ಹೊತ್ತಿಗೆ ಕರದಂಟು ಕಟ್ಟಿಸಿಕೊಳ್ಳಿ. ಗೋಕಾಕದ್ದು ಮೇಲೋ ಅಮೀನಗಡದ್ದು ಮೇಲೋ ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ತೀರಿಲ್ಲ, ಅದಕ್ಕೇ ನಾನು ಅರ್ಧ ಕಿಲೋ ಹೆಚ್ಚೇ ತರುತ್ತೇನೆ.